ಕಿಮೋ ಗುಳಿಗಿ ಮನ್ಯಾಗ ಕೊಡೋದು ಹೆಂಗ? ಲೆಕ್ಕ, ಊಟ, ಕೈಗವಸು, ಯಾವಾಗ ನಿಲ್ಲಿಸಬೇಕು

ಬೆಟಗೇರಿ_ಸೊಸಿ
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅತ್ತಿಯವರಿಗೆ ದೊಡ್ಡ ಕರುಳಿನ ಆಪರೇಶನ್ ಆಗೇತಿ. ಈಗ ಮೂರು ವಾರಕ್ಕೊಮ್ಮೆ ಹುಬ್ಬಳ್ಳ್ಯಾಗ ಆಕ್ಸಾಲಿಪ್ಲಾಟಿನ್ ಸಲಾಯಿನ್, ಮನ್ಯಾಗ ಕ್ಯಾಪೆಸಿಟಬಿನ್ 500 ಗುಳಿಗಿ. ಚೀಟಿ ಮ್ಯಾಲೆ "3-0-3, 14 ದಿನ, ಊಟದ ನಂತರ" ಅಂತ ಬರದಾರ. ಎತ್ತರ 155 ಸೆಂ.ಮೀ., ತೂಕ 54 ಕೆಜಿ. ಒಟ್ಟು 84 ಗುಳಿಗಿ ಕೊಟ್ಟಾರ.
ಸಂಶಯ ಇಷ್ಟು: ಒಂದು ಹೊತ್ತಿಗೆ ಮೂರು ಅಂದ್ರ ಜಾಸ್ತಿ ಆಗಂಗಿಲ್ಲೇನು? ಬೆಳಿಗ್ಗೆ ಅವರು ಬರೇ ಚಾ-ಬಿಸ್ಕೀಟು ತಗೊಳ್ಳೋದು, ಅದರ ಮ್ಯಾಲೆ ನಡೀತೈತೇನು? ಸೋಮವಾರ ಒಪ್ಪತ್ತು ಇರತಾರ, ಆವತ್ತು ಹೆಂಗ? ಗುಳಿಗಿ ದೊಡ್ಡು ಅದಾವ, ಅರ್ಧ ಮಾಡಿ ಕೊಡಬಹುದಾ? ಮನ್ಯಾಗ ನಮ್ಮ ನಾದಿನಿ ಚೊಚ್ಚಲ ಬಸುರಿ, ಬಾಣಂತನಕ್ಕ ಬಂದಾಳ. ಆಕಿಗೇನರ ತೊಂದ್ರಿ ಐತೇನು?

ಫಾರ್ಮಸಿಸ್ಟ್_ವಿದ್ಯಾನಗರ
ಮೊದಲು ಲೆಕ್ಕ ನೋಡೋಣ. ಈ ಔಷಧದ ಪ್ರಮಾಣ ಬರೀ ತೂಕದ ಮೇಲಲ್ಲ, ಮೈಯ ಹೊರಮೈ ವಿಸ್ತೀರ್ಣದ ಮೇಲೆ ನಿಂತಿದೆ. ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 155 × 54 = 8370. ಅದನ್ನು 3600ರಿಂದ ಭಾಗಿಸಿದರೆ 2.325, ವರ್ಗಮೂಲ ಸುಮಾರು 1.52 ಚದರ ಮೀಟರ್. ಆಕ್ಸಾಲಿಪ್ಲಾಟಿನ್ ಜೊತೆ ಕೊಡುವಾಗ ರೂಢಿಯ ಪ್ರಮಾಣ ಒಂದು ಹೊತ್ತಿಗೆ ಚದರ ಮೀಟರಿಗೆ 1000 ಮಿಗ್ರಾಂ. ಅಂದರೆ 1520, ಹತ್ತಿರದ ಗುಳಿಗೆಗೆ ಹೊಂದಿಸಿದರೆ 1500, ಮೂರು ಗುಳಿಗೆ. ಹದಿನಾಲ್ಕು ದಿನಕ್ಕೆ 28 ಹೊತ್ತು, 84 ಗುಳಿಗೆ. ನಿಮ್ಮ ಚೀಟಿಯೂ ಕೊಟ್ಟ ಗುಳಿಗೆಯೂ ತಾಳೆ ಆಗುತ್ತವೆ.

ಇದೇ ಗುಳಿಗೆಯನ್ನು ಒಂಟಿಯಾಗಿ ಕೊಡುವಾಗ ಪ್ರಮಾಣ 1250ರವರೆಗೆ ಇರುತ್ತದೆ. ಹಾಗಾಗಿ ಪಕ್ಕದ ಬೆಡ್ಡಿನವರಿಗೆ ನಾಲ್ಕು, ನಮಗೆ ಮೂರು ಯಾಕೆ ಅಂತ ಹೋಲಿಸಬೇಡಿ. ಕಿಡ್ನಿಯ ಶಕ್ತಿ ಕಡಿಮೆ ಇದ್ದವರಿಗೆ ಮುಕ್ಕಾಲು ಪಾಲಿಗೆ ಇಳಿಸುತ್ತಾರೆ, ತೀರಾ ಕಡಿಮೆ ಇದ್ದರೆ ಕೊಡುವುದೇ ಇಲ್ಲ. ಪ್ರತಿ ಸುತ್ತಿಗೂ ಮುಂಚೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಕೇಳುವುದು ಅದಕ್ಕೇ.

3-0-3 ಅಂದರೆ ಬೆಳಿಗ್ಗೆ ಮೂರು, ಮಧ್ಯಾಹ್ನ ಇಲ್ಲ, ರಾತ್ರಿ ಮೂರು. "ದಿನಕ್ಕೆ ಮೂರು ಸಲ" ಅಂತ ಓದಿಕೊಂಡು ಹೊತ್ತಿಗೊಂದರಂತೆ ನುಂಗುವವರೂ ಇದ್ದಾರೆ, ಮೂರು ಹೊತ್ತೂ ಮೂರು ಮೂರು ನುಂಗುವವರೂ ಇದ್ದಾರೆ. ಒಂದರಲ್ಲಿ ಔಷಧ ಅರ್ಧಕ್ಕಿಳಿಯುತ್ತದೆ, ಇನ್ನೊಂದರಲ್ಲಿ ಒಂದೂವರೆ ಪಟ್ಟು ಏರುತ್ತದೆ.

ಇನ್ನೊಂದು ಗೊಂದಲ. ಸಲಾಯಿನ್ ಮುಗಿಸಿಕೊಂಡು ಸಂಜೆ ಊರಿಗೆ ಮುಟ್ಟಿ, ಆವತ್ತು ರಾತ್ರಿಯಿಂದ ಗುಳಿಗೆ ಶುರು ಮಾಡಿದರೆ ಕೊನೆಯ ಹೊತ್ತು ಹದಿನೈದನೇ ದಿನದ ಬೆಳಿಗ್ಗೆ ಬರುತ್ತದೆ. ಅದು ತಪ್ಪಲ್ಲ. ದಿನ ಎಣಿಸಬೇಡಿ, ಹೊತ್ತು ಎಣಿಸಿ: 28 ಆದ ಕೂಡಲೇ ನಿಲ್ಲಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ಎರಡು ಗೀಟು ಹಾಕುವುದಕ್ಕಿಂತ ಒಳ್ಳೆಯ ಆ್ಯಪ್ ನನಗೆ ಗೊತ್ತಿಲ್ಲ. ನುಂಗಿದ ಮೇಲೆ ಗೀಟು, ಮೊದಲಲ್ಲ. ಆಮೇಲಿನ 7 ದಿನ ಬಿಡುವು. ಈ ವಾರದಲ್ಲೇ ಎಲುಬಿನ ಮಜ್ಜೆ, ಬಾಯಿಯ ಒಳಚರ್ಮ, ಕರುಳಿನ ಪದರ ಮತ್ತೆ ಚಿಗುರುವುದು. ಗುಳಿಗೆ ಉಳಿದಿವೆ ಅಂತ ಬಿಡುವಿನ ವಾರದಲ್ಲಿ ಕೊಟ್ಟರೆ ಮುಂದಿನ ಸುತ್ತೇ ತಪ್ಪಿಹೋಗಬಹುದು.

ಡೇಕೇರ್_ಸಿಸ್ಟರ್
ತಂಗಿ, ಉಳಿದದ್ದು ನಾ ಹೇಳತೀನಿ ನೋಡವಾ.

ಚಾ-ಬಿಸ್ಕೀಟು ಊಟ ಅಲ್ಲ. ಕ್ಯಾಪೆಸಿಟಬಿನ್ ಊಟ ಮುಗಿದ 30 ನಿಮಿಷದೊಳಗ ನುಂಗಬೇಕು. ಉಪ್ಪಿಟ್ಟು, ಅವಲಕ್ಕಿ, ಎರಡು ಇಡ್ಲಿ, ರೊಟ್ಟಿ-ಪಲ್ಯ, ಯಾವುದಾದ್ರೂ ನಡೀತದ, ಆದ್ರ ಹೊಟ್ಟಿಗೆ ಬಿದ್ದಂಗ ಇರಬೇಕು. ಬೆಳಿಗ್ಗೆ ಎಂಟೂವರೆಗೆ ನಾಷ್ಟಾ, ರಾತ್ರಿ ಎಂಟೂವರೆಗೆ ಊಟ ಅಂತ ಹಚ್ಚಿಬಿಟ್ರ 12 ತಾಸಿನ ಅಂತರ ತಾನೇ ಆಗತದ. ಒಂದು ದೊಡ್ಡ ಗ್ಲಾಸು ಸಾದಾ ನೀರು. ಹಾಲು, ಹಣ್ಣಿನ ರಸ ಬ್ಯಾಡ.

ಒಪ್ಪತ್ತು ಇರೋದು ಈ ಹದಿನಾಲ್ಕು ದಿನದಾಗ ಬ್ಯಾಡ. ಅವರು ಹಟ ಹಿಡದ್ರ ಬಿಡುವಿನ ವಾರದಾಗ ಬರೋ ಸೋಮವಾರ ಇರಲಿ. ರೋಜಾ ಇರೋರಿಗೂ ಇದೇ ಮಾತು. ಸಹರಿ-ಇಫ್ತಾರ ನಡುವ ಗುಳಿಗಿ ಹೊಂದಿಸಿದ್ರೂ, ಹಗಲಾಗ ನೀರಿಲ್ಲದ ಭೇದಿ ಹತ್ತಿದ್ರ ಕಿಡ್ನಿಗೆ ಪೆಟ್ಟು ಬೀಳತದ.

ಅರ್ಧ ಮಾಡಬ್ಯಾಡ್ರಿ, ಪುಡಿ ಮಾಡಬ್ಯಾಡ್ರಿ, ಅಗಿಯೂದೂ ಬ್ಯಾಡ. ಮ್ಯಾಲಿನ ಲೇಪ ಇರೋತನಕ ಗುಳಿಗಿ ಮುಟ್ಟಿದವರಿಗೆ ಅಪಾಯ ಭಾಳ ಕಡಿಮಿ. ಒಡದ್ರ ಪುಡಿ ಹಾರತದ, ಉಸಿರಿನಾಗ ಹೋಗತದ, ಒಲಿ ಕಟ್ಟಿ ಮ್ಯಾಲೆ ಕೂಡತದ. ಒಂದೊಂದೇ ಗುಳಿಗಿ ನುಂಗಿಸ್ರಿ, ಮೂರೂ ಒಮ್ಮೆಲೆ ಅಲ್ಲ. ಗದ್ದ ಮ್ಯಾಲೆತ್ತೋ ಬದಲಿ ಸ್ವಲ್ಪ ಕೆಳಗ ಬಗ್ಗಿಸಿ ನುಂಗಿದ್ರ ಗಂಟಲದಾಗ ಸಿಗಬೀಳೋದು ಕಡಿಮಿ ಆಗತದ.

ನಿಮ್ಮ ನಾದಿನಿ ಈ ಗುಳಿಗಿ ಮುಟ್ಟೋದೇ ಬ್ಯಾಡ. ಅತ್ತಿಯವರ ವಾಂತಿ ತೊಳಿಯೋದು, ಮಲ-ಮೂತ್ರ ಆದ ಬಟ್ಟಿ ಹಿಂಡೋದು, ಅದೂ ಬ್ಯಾಡ. ಒಂದೇ ಮನ್ಯಾಗ ಇರೋದಕ್ಕ, ಕೂಡಿ ಉಣ್ಣೋದಕ್ಕ, ಮೈ ಮುಟ್ಟೋದಕ್ಕ ಏನೂ ಅಡ್ಡಿ ಇಲ್ಲ. ಬಸುರಿಯನ್ನ ಒಂದು ಖೋಲಿ, ಪೇಷಂಟನ್ನ ಒಂದು ಖೋಲಿ ಅಂತ ಹೆದರಿ ಬ್ಯಾರೆ ಇಡೋ ಕಾರಣಿಲ್ಲ. ಮುಂದ ಕೂಸು ಹುಟ್ಟಿದ ಮ್ಯಾಲೆ ಅಜ್ಜಿ ಎತ್ತಿಕೋಬಹುದು, ಕೈ ಸೋಪಿನಿಂದ ತೊಳಕೊಂಡು.

ರೋಣ_ಮಾಸ್ತರ
ಸಿಸ್ಟರ್, ಕೈಗವಸು ಹಾಕ್ಕೋಬೇಕೋ ಬ್ಯಾಡೋ? ಒಬ್ಬರು ಬೇಕೇ ಬೇಕು ಅಂತಾರ, ಒಬ್ಬರು "ನುಂಗೋರಿಗೇ ಏನೂ ಆಗಂಗಿಲ್ಲ, ಮುಟ್ಟಿದವರಿಗೆ ಏನಾಗತೈತಿ" ಅಂತ ನಗತಾರ.

ಡೇಕೇರ್_ಸಿಸ್ಟರ್
ನಗೋರಿಗೆ ಹೇಳ್ರಿ: ನುಂಗೋರಿಗೆ ಕ್ಯಾನ್ಸರ್ ಐತಿ, ಅದಕ್ಕ ಲಾಭ-ನಷ್ಟ ತೂಗಿ ಕೊಟ್ಟಾರ. ಮುಟ್ಟೋರಿಗೆ ಲಾಭ ಏನೂ ಇಲ್ಲ, ಬರೇ ನಷ್ಟ.

ಪೇಷಂಟ್ ತಾವೇ ಪಾಕೀಟಿನಿಂದ ತಗೊಂಡು ನುಂಗಿದ್ರ ಕೈಗವಸು ಬ್ಯಾಡ, ಆಮ್ಯಾಲೆ ಕೈ ತೊಳಕೊಂಡ್ರ ಸಾಕು. ಬ್ಯಾರೆಯವರು ಕೊಡೋದಿದ್ರ ಒಮ್ಮೆ ಹಾಕಿ ಬಿಸಾಡೋ ನೈಟ್ರೈಲ್ ಕೈಗವಸು ಒಳ್ಳೇದು. ಅದೂ ಇಲ್ಲಂದ್ರ ಪಾಕೀಟಿನಿಂದ ನೇರ ಒಂದು ಸಣ್ಣ ಸ್ಟೀಲ್ ಬಟ್ಟಲಕ್ಕ ಒತ್ತಿ ಹಾಕಿ, ಬಟ್ಟಲದಿಂದನ ಅವರ ಅಂಗೈಗೆ ಕೊಡ್ರಿ. ಆ ಬಟ್ಟಲ ಅದಕ್ಕಷ್ಟೇ ಇರಲಿ, ಅಡಗಿ ಮನಿ ಮುಸುರಿಯೊಳಗ ಕೂಡಿಸಬ್ಯಾಡ್ರಿ. ವಾರದ ಖಾನೆ ಇರೋ ಡಬ್ಬಿಯೊಳಗ ಬಿಪಿ, ಶುಗರ್ ಗುಳಿಗಿ ಜೊತಿ ಕಿಮೋ ಗುಳಿಗಿ ತುಂಬಿಡೋದು ಬ್ಯಾಡ. ಪುಡಿ ಒಂದಕ್ಕೊಂದು ಹತ್ತತದ, ಮತ್ತ ಯಾವುದು ಯಾವುದೋ ತಿಳಿಯಂಗಿಲ್ಲ.

ಗುಳಿಗಿ ಬಿದ್ದು ಒಡದ್ರ ಒಣ ಕಸಬರಗಿಯಿಂದ ಹೊಡಿಬ್ಯಾಡ್ರಿ. ಕೈಗವಸು ಹಾಕ್ಕೊಂಡು ಹಸಿ ಕಾಗದದಿಂದ ಒರಸಿ ತಗದು, ನೆಲಾ ಸೋಪಿನ ನೀರಿನಿಂದ ಎರಡು ಸಲ ಒರಸಿ, ಎಲ್ಲಾ ಒಂದು ಪ್ಲಾಸ್ಟಿಕ್ ಚೀಲಕ್ಕ ಹಾಕಿ ಬಾಯಿ ಕಟ್ಟಿ ಇಡ್ರಿ.

ಹಾನಗಲ್_ಅಣ್ಣ
ಖಾಲಿ ಪಾಕೀಟು, ಆ ಕಟ್ಟಿದ ಚೀಲ, ಇವನ್ನ ಏನ್ ಮಾಡೋದ್ರಿ? ಬಚ್ಚಲ ಒಲಿಗೆ ಹಾಕಿ ಸುಟ್ರ ಮುಗೀತಲ್ಲ?

ಫಾರ್ಮಸಿಸ್ಟ್_ವಿದ್ಯಾನಗರ
ಬೇಡ ಅಣ್ಣಾರ. ಇಂಥ ಔಷಧ ನಾಶ ಆಗಬೇಕಾದರೆ 1200 ಡಿಗ್ರಿ ಸೆಲ್ಸಿಯಸ್ ಮೇಲಿನ ಭಟ್ಟಿ ಬೇಕು. ಬಚ್ಚಲ ಒಲೆ ಅದರ ಹತ್ತಿರಕ್ಕೂ ಹೋಗುವುದಿಲ್ಲ, ಹೊಗೆಯಲ್ಲಿ ಔಷಧ ಹಾರಿ ಸ್ನಾನ ಮಾಡುವವರ ಮೂಗಿಗೇ ಬರುತ್ತದೆ. ಸಂಡಾಸಕ್ಕೆ ಸುರಿಯುವುದು, ತಿಪ್ಪೆಗೆ ಎಸೆಯುವುದು, ನಗರಪಾಲಿಕೆ ಕಸದ ಗಾಡಿಗೆ ಹಾಕುವುದು ಯಾವುದೂ ಬೇಡ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಗಳು ಇಂಥದ್ದನ್ನು ಹಳದಿ ಚೀಲದಲ್ಲಿ ಬೇರೆ ಗುರುತು ಹಾಕಿ ಇಡಬೇಕು. ಉಳಿದ ಗುಳಿಗೆ, ಒಡೆದ ಗುಳಿಗೆ, ಕೈಗವಸು, ಪಾಕೀಟು ಎಲ್ಲ ಒಂದು ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಮುಂದಿನ ಸುತ್ತಿಗೆ ಹೋಗುವಾಗ ಒಯ್ದು ಡೇಕೇರಿನಲ್ಲಿ ಕೊಡಿ. ಅವರು ಬೇಡ ಅಂದರೆ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೇಳಿ.

ಗುಳಿಗೆ ಇಡುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಪಾಕೀಟಿನ ಮೇಲೆ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಅಂತ ಇರುತ್ತದೆ. ಏಪ್ರಿಲ್-ಮೇದಲ್ಲಿ ಗದಗ, ರೋಣ, ನರಗುಂದದ ತಗಡಿನ ಮನೆಯೊಳಗೆ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಮನೆಯಲ್ಲಿ ಬಿಸಿಲು ಬೀಳದ ಕೆಳಗಿನ ಮಾಡು ನೋಡಿ ಇಡಿ, ಅಟ್ಟದ ಮೇಲೆ ಬೇಡ, ದೇವರ ದೀಪದ ಪಕ್ಕ ಬೇಡ. ಹಾಗಂತ ಎಲ್ಲವನ್ನೂ ಫ್ರಿಜ್ಜಿಗೆ ತುರುಕಬೇಡಿ, ತೇವ ಕೂತು ಹಾಳಾಗುತ್ತವೆ. ಮೆಲ್ಫಾಲಾನ್, ಕ್ಲೋರಾಂಬುಸಿಲ್ ಗುಳಿಗೆ, ವಿನೋರೆಲ್ಬಿನ್ ಕ್ಯಾಪ್ಸೂಲ್, ಇಂಥ ಕೆಲವನ್ನು ಮಾತ್ರ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಅದೂ ಬಾಗಿಲಲ್ಲಿ ಅಲ್ಲ, ನಡುವಿನ ಮಾಡಿನಲ್ಲಿ, ಮುಚ್ಚಿದ ಡಬ್ಬಿಯೊಳಗೆ, ಮಕ್ಕಳು ಐಸ್‌ಕ್ರೀಮ್ ಹುಡುಕುವ ಜಾಗದಿಂದ ದೂರ. ಹುಬ್ಬಳ್ಳಿಯಿಂದ ತರುವಾಗ ಬಸ್ಸಿನ ಇಂಜಿನ್ ಪಕ್ಕ, ಕಾರಿನ ಗಾಜಿನ ಕೆಳಗೆ ಇಡಬೇಡಿ.

ಬೆಟಗೇರಿ_ಸೊಸಿ
ಸಂಡಾಸದ್ದು ಹೆಂಗ್ರಿ? ನಮ್ಮದು ಕೂತಗೊಳ್ಳೋ ಇಂಡಿಯನ್ ಸಂಡಾಸ, ಎಲ್ಲಾರಿಗೂ ಒಂದೇ.

ಡೇಕೇರ್_ಸಿಸ್ಟರ್
ಒಂದೇ ಇದ್ರೂ ನಡೀತದ. ಗುಳಿಗಿ ನಡದಾಗ, ಮತ್ತ ಕೊನೇ ಗುಳಿಗಿ ಆದ ಮ್ಯಾಲೆ 48 ತಾಸು, ಮೂತ್ರ-ಮಲದಾಗ ಔಷಧ ಹೊರಗ ಬರತಿರತದ. ಅವರು ಹೋಗಿ ಬಂದ ಮ್ಯಾಲೆ ಎರಡು ಸಲ ನೀರು ಹಾಕಬೇಕು. ಫ್ಲಶ್ ಇದ್ರ ಮುಚ್ಚಳ ಹಾಕಿ ಎರಡು ಸಲ. ಇಂಡಿಯನ್ ಇದ್ರ ಬಕೀಟು ಎತ್ತರದಿಂದ ಒಗಿಬ್ಯಾಡ್ರಿ, ಹನಿ ಸಿಡೀತಾವ. ಅಂಚಿನಿಂದ ಸುತ್ತಲೂ ನಿಧಾನಕ ಹಾಕ್ರಿ. ಗಂಡಸರೂ ಕೂತು ಮಾಡಿದ್ರ ಸಿಡಿಯೋದು ತಪ್ಪತದ. ಹೊಲಸಾದ ಬಟ್ಟಿ ಕೈಗವಸು ಹಾಕ್ಕೊಂಡು ಬ್ಯಾರೆ ತೊಳೀರಿ, ಎರಡು ಸಲ. ಮಷೀನ್ ಇದ್ರ ಮಷೀನಿನಾಗ. ಕೂಡಲೇ ತೊಳಿಯಾಕ ಆಗದಿದ್ರ ಪ್ಲಾಸ್ಟಿಕ್ ಚೀಲದಾಗ ಕಟ್ಟಿಡ್ರಿ.

ಬ್ಯಾಡಗಿ_ಪೇಟಿ
ನಮ್ಮ ಕಡೆ ಒಂದು ತ್ರಾಸ ಬ್ಯಾರೆ ಐತ್ರಿ. ಕ್ಯಾಪೆಸಿಟಬಿನ್ ತಗೊಳ್ಳೋ ಹೆಣ್ಮಕ್ಕಳು ಮೆಣಸಿನಕಾಯಿ ತುಂಬು (ತೊಟ್ಟು) ಬಿಡಸಾಕ ಕೂಡತಾರ. ಅಂಗೈ ಕೆಂಪಾಗಿ ಉರೀತೈತಿ ಅಂದ್ರ ಕಾಯಿದ ಖಾರ ಅಂತ ಸುಮ್ಮನಾಗತಾರ. ಗುಳಿಗಿಂದ ಆಗಿದ್ದು ಅಂತ ಹೆಂಗ ಗುರ್ತು ಹಿಡಿಯೋದು?

ಡೇಕೇರ್_ಸಿಸ್ಟರ್
ಭಾಳ ಛಲೋ ಪ್ರಶ್ನಿ. ಖಾರದ ಉರಿ ಒಂದೆರಡು ದಿನದಾಗ ಇಳೀತದ, ಮತ್ತ ಅಂಗಾಲಿಗೆ ಬರಂಗಿಲ್ಲ. ಗುಳಿಗಿಂದು ಅಂಗೈ ಅಂಗಾಲು ಎರಡಕ್ಕೂ ಬರತದ. ಮೊದಲು ಜುಮ್ಮ್ ಅಂತದ, ಸ್ಪರ್ಶ ಬದಲಾಗತದ, ಆಮ್ಯಾಲೆ ಕೆಂಪು, ಬಾವು, ಚರ್ಮ ಬಿಗಿತ. ಬಿಟ್ರ ಬೊಬ್ಬಿ ಎದ್ದು ಚರ್ಮ ಸುಲೀತದ.

ಕೆಂಪು ಆಗೇತಿ, ನೋವಿಲ್ಲ, ಕೆಲಸಕ್ಕ ಅಡ್ಡಿ ಇಲ್ಲ ಅಂದ್ರ ಗುಳಿಗಿ ನಡಸಬಹುದು, ಮುಲಾಮು ಹೆಚ್ಚು ಮಾಡ್ರಿ. ನೋವು ಬಂತು, ಅಂಗಿ ಗುಂಡಿ ಹಾಕ್ಕೊಳ್ಳಾಕ, ಚಪ್ಪಲಿ ಮೆಟ್ಟಾಕ ತ್ರಾಸ ಆಯ್ತು ಅಂದ್ರ ಆವತ್ತಿನ ಗುಳಿಗಿ ನಿಲ್ಲಿಸಿ ದವಾಖಾನಿಗೆ ಫೋನ್ ಹಚ್ಚಬೇಕು. "ಇನ್ನ ನಾಲ್ಕು ದಿನ ಅಷ್ಟೇ, ಮುಗಿಸಿಬಿಡೂಣು" ಅಂತ ತಡಕೊಂಡ್ರ ಚರ್ಮ ಮಾಯಾಕ ವಾರಗಟ್ಟಲೆ ಹಿಡೀತದ, ಮುಂದಿನ ಸುತ್ತು ತಡ ಆಗತದ.

ತಡಿಯೋದು ಹೆಂಗ ಅಂದ್ರ, ಚರ್ಮಕ್ಕ ಬಿಸಿ, ಒತ್ತು, ತಿಕ್ಕು ಮೂರೂ ಕಡಿಮಿ ಮಾಡಬೇಕು. ನಮ್ಮ ಕಡೆ ಮೂರೂ ಕೂಡೋದು ಒಂದೇ ಕೆಲಸದಾಗ: ರೊಟ್ಟಿ ಬಡಿಯೋದು. ಅಂಗೈ ಹಿಟ್ಟಿಗೆ ಬಡೀತದ, ಕಾದ ಹಂಚಿನ ಮ್ಯಾಲೆ ನೀರು ಸವರತದ, ಕೈಲೆ ತಿರುವತಾರ. ಗುಳಿಗಿ ನಡದಾಗ ರೊಟ್ಟಿ ಬ್ಯಾರೆಯವರು ಬಡೀಲಿ, ಇಲ್ಲಾ ಖಾನಾವಳಿಯಿಂದ ತರಸ್ರಿ. ಮೆಣಸಿನಕಾಯಿ ತುಂಬು ಬಿಡಸೋದು, ಕುರಪಿ ಹಿಡಿಯೋದು, ಬಟ್ಟಿ ಕಲ್ಲಿಗೆ ಒಗಿಯೋದು, ಮಗ್ಗದ ಕಾಲ್ಮಣಿ ತುಳಿಯೋದು, ಬರಿಗಾಲಿಲೆ ಉಳವಿ ಜಾತ್ರಿಗೆ ನಡಿಯೋದು, ಇವೂ ಹಂಗ. ಬಿಗಿ ಉಂಗುರ, ಕಾಲುಂಗುರ ಸಡಲ ಮಾಡ್ರಿ. ಮೆತ್ತನ ಚಪ್ಪಲಿ, ಒಳಗ ಹತ್ತಿ ಕಾಲುಚೀಲ. ಕುದಿ ನೀರಿನ ಜಳಕಾ ಬ್ಯಾಡ, ಉಗುರು ಬೆಚ್ಚಗ ಸಾಕು. ಮೊದಲ ದಿನದಿಂದನ 10% ಯೂರಿಯಾ ಇರೋ ಮುಲಾಮು ದಿನಕ್ಕ ಎರಡು-ಮೂರು ಸಲ, ತಿಕ್ಕದ ಹಗೂರಕ ಸವರಬೇಕು. ಚರ್ಮ ಒಡದ ಜಾಗಕ್ಕ ಯೂರಿಯಾ ಹಚ್ಚಿದ್ರ ಉರೀತದ, ಅಲ್ಲಿ ಬಿಟ್ಟುಬಿಡ್ರಿ.

ಬೆಟಗೇರಿ ತಂಗಿ, ನಿಮಗ ಒಂದು ಎಚ್ಚರಿಕಿ. ಕೈ ಉರದ್ರ ಬರ್ಫ ಹಿಡೀರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಆಕ್ಸಾಲಿಪ್ಲಾಟಿನ್ ಆದ ಮೊದಲ ಐದಾರು ದಿನ ತಂಪು ಮುಟ್ಟಿದ್ರ ಬೆರಳು ಶಾಕ್ ಹೊಡದಂಗ ಆಗತಾವ, ತಣ್ಣೀರು ಕುಡದ್ರ ಗಂಟಲ ಹಿಡದಂಗ ಆಗತದ. ಫ್ರಿಜ್ಜಿನ ಬಾಗಿಲಾ ಅವರು ತಗಿಯೋದೂ ಬ್ಯಾಡ.

ಫಾರ್ಮಸಿಸ್ಟ್_ವಿದ್ಯಾನಗರ
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದೆಹಲಿಯ ಏಮ್ಸ್‌ನಲ್ಲಿ ನಡೆದ ಪ್ರಯೋಗವೊಂದರಲ್ಲಿ, 2024ರಲ್ಲಿ ಪ್ರಕಟವಾದದ್ದು, 1% ಡೈಕ್ಲೊಫೆನಾಕ್ ಜೆಲ್ ದಿನಕ್ಕೆರಡು ಸಲ ಅಂಗೈಗೆ ಹಚ್ಚಿದವರಲ್ಲಿ ಈ ತೊಂದರೆ ಗಣನೀಯವಾಗಿ ಕಡಿಮೆ ಇತ್ತು. ಮೆಡಿಕಲ್ ಶಾಪಿನಲ್ಲಿ ಸಿಗುವ ಸೊಂಟನೋವಿನ ಜೆಲ್ಲುಗಳಲ್ಲಿ ಮೆಂಥಾಲ್ ಮತ್ತು ಉರಿ ತರುವ ಬೇರೆ ಪದಾರ್ಥಗಳೂ ಇರುತ್ತವೆ, ಅವು ಬೇಡ. ಬರೀ ಡೈಕ್ಲೊಫೆನಾಕ್ ಇರುವುದನ್ನು ಡಾಕ್ಟರನ್ನು ಕೇಳಿ ತಗೊಳ್ಳಿ.

ರೋಣ_ಮಾಸ್ತರ
ಕೈ ಚರ್ಮ ಹೋದ ಮ್ಯಾಲೆ ರೇಷನ್ ಅಂಗಡ್ಯಾಗ ಹೆಬ್ಬಟ್ಟು ತಗೊಳ್ಳಂಗಿಲ್ಲ ಅನ್ನೋದು ಖರೇನ್ರಿ?

ಫಾರ್ಮಸಿಸ್ಟ್_ವಿದ್ಯಾನಗರ
ಖರೆ. ಕ್ಯಾಪೆಸಿಟಬಿನ್ ಬಹಳ ದಿನ ತಗೊಂಡವರಲ್ಲಿ ಬೆರಳಚ್ಚಿನ ಗೆರೆ ಮಾಸುವುದು ವೈದ್ಯಕೀಯವಾಗಿ ದಾಖಲಾದ ವಿಷಯ. ನ್ಯಾಯಬೆಲೆ ಅಂಗಡಿ, ಬ್ಯಾಂಕು, ಪಿಂಚಣಿ ಎಲ್ಲ ಕಡೆ ಯಂತ್ರ ಒಲ್ಲೆ ಅನ್ನುತ್ತದೆ. ಗುಳಿಗೆ ಶುರು ಆಗುವ ಮುಂಚೆಯೇ ಆಧಾರಕ್ಕೆ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಜೋಡಿಸಿಬಿಡಿ, ಆಗ ಹಲವು ಕಡೆ ಓಟಿಪಿ ಮೇಲೆ ಕೆಲಸ ನಡೆಯಬಹುದು. ರೇಷನ್ ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಸದಸ್ಯರು ಹೆಬ್ಬೆಟ್ಟು ಕೊಡಬಹುದು. ಒಬ್ಬರೇ ಇರುವ ಮನೆಯವರು ಡಾಕ್ಟರ ಹತ್ತಿರ ಎರಡು ಸಾಲಿನ ಪತ್ರ ಬರೆಸಿಟ್ಟುಕೊಳ್ಳಿ.

ಹಾವೇರಿ_ಮೆಡಿಕಲ್
ನಮ್ಮ ಕೌಂಟರಿಗೆ ಬರೋರು ಕೇಳೋ ಮಾತು ಎರಡೇ: "ಗ್ಯಾಸಿನ ಗುಳಿಗಿ ಕೊಡ್ರಿ", "ಶಕ್ತಿ ಗುಳಿಗಿ ಕೊಡ್ರಿ." ಕಿಮೋ ನಡದೈತಿ ಅಂತ ಹೇಳಂಗಿಲ್ಲ, ನಾವೂ ಕೇಳಂಗಿಲ್ಲ. ಕೇಳಬೇಕು. ಫೋಲಿಕ್ ಆ್ಯಸಿಡ್ ಇರೋ ಶಕ್ತಿ ಗುಳಿಗಿ ಕ್ಯಾಪೆಸಿಟಬಿನ್ ಜೊತಿ ಬಿದ್ರ ವಿಷದ ಪರಿಣಾಮ ಏರತೈತಿ: ಭೇದಿ, ಬಾಯಿ ಹುಣ್ಣು. ಬಿ-ಕಾಂಪ್ಲೆಕ್ಸ್, ಕಬ್ಬಿಣದ ಗುಳಿಗಿ ಡಬ್ಬಿ ತಿರುವಿ ನೋಡ್ರಿ, ಭಾಳಷ್ಟರಾಗ ಫೋಲಿಕ್ ಇರತೈತಿ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಬಗ್ಗೆ: ಶ್ವಾಸಕೋಶದ ಕ್ಯಾನ್ಸರಿನ ಎರ್ಲೋಟಿನಿಬ್, ಜೆಫಿಟಿನಿಬ್, ರಕ್ತದ ಕ್ಯಾನ್ಸರಿನ ಡಸಾಟಿನಿಬ್, ಇವು ಕರಗಾಕ ಹೊಟ್ಟಿಯ ಆಮ್ಲ ಬೇಕು. ದಿನಾ ಬೆಳಿಗ್ಗೆ ಗ್ಯಾಸಿನ ಗುಳಿಗಿ ತಗೊಂಡ್ರ ಔಷಧ ರಕ್ತಕ್ಕ ಸೇರೋದ ಕಡಿಮಿ ಆಗಿಬಿಡತೈತಿ. ತುಟ್ಟಿ ಗುಳಿಗಿ ನುಂಗಿದ್ದು ಸಂಡಾಸಕ್ಕ ಹೋದಂಗ.

ರಕ್ತ ತೆಳು ಮಾಡೋ ವಾರ್ಫರಿನ್, ಫಿಟ್ಸಿನ ಫೆನಿಟೋಯಿನ್ ತಗೊಳ್ಳೋರಿಗೆ ಕ್ಯಾಪೆಸಿಟಬಿನ್ ಸೇರಿದ್ರ ಆ ಎರಡೂ ಮೈಯಾಗ ಏರತಾವ. ಒಸಡಿನಿಂದ ರಕ್ತ, ಕಪ್ಪು ಸಂಡಾಸ, ತಲಿ ತಿರುಗೋದು, ನಡಿಗಿ ತೂಗಾಡೋದು ಕಂಡ್ರ ತಡ ಮಾಡಬ್ಯಾಡ್ರಿ. ಯೂರಿಕ್ ಆ್ಯಸಿಡ್‌ಗೆ ತಗೊಳ್ಳೋ ಅಲೊಪ್ಯುರಿನಾಲ್ ಕ್ಯಾಪೆಸಿಟಬಿನ್ ಜೊತಿ ಬ್ಯಾಡ. ಮಕ್ಕಳ ರಕ್ತಕ್ಯಾನ್ಸರಿನ 6-ಮರ್ಕ್ಯಾಪ್ಟೊಪ್ಯುರಿನ್ ಜೊತಿ ಅದು ಇನ್ನೂ ಅಪಾಯ, ಮರ್ಕ್ಯಾಪ್ಟೊಪ್ಯುರಿನ್ ಕಾಲು ಇಲ್ಲಾ ಮೂರರಾಗ ಒಂದು ಪಾಲಿಗೆ ಇಳಸಬೇಕಾಗತೈತಿ.

ಹಾನಗಲ್_ಅಣ್ಣ
ಅಮೃತಬಳ್ಳಿ ಕಷಾಯ, ಲಕ್ಷ್ಮಣಫಲದ ಎಲಿ? ಹಿತ್ತಲದಾಗ ಇರೋದು, ಕೆಮಿಕಲ್ ಅಲ್ಲ.

ಹಾವೇರಿ_ಮೆಡಿಕಲ್
ಅಣ್ಣಾ, ಹಿತ್ತಲದಾಗ ದತ್ತೂರಿನೂ ಬೆಳೀತೈತಿ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣ ನಮ್ಮ ದೇಶದಾಗನ ವರದಿ ಆಗ್ಯಾವ. ಕಿಮೋ ನಡದಾಗ ಲಿವರ್ ಟೆಸ್ಟ್ ಏರಿದ್ರ ಗುಳಿಗಿಂದೋ ಕಷಾಯದ್ದೋ ತಿಳಿಯದ ಡಾಕ್ಟರ್ ಗುಳಿಗಿನ ನಿಲ್ಲಸತಾರ. ಅಡಗಿಗೆ ಹಾಕೋ ಅರಿಷಿಣ, ಜೀರಿಗಿ, ಬಳ್ಳೊಳ್ಳಿಗೆ ತಕರಾರಿಲ್ಲ. ಅರಿಷಿಣದ ಕ್ಯಾಪ್ಸೂಲ್, ಪುಡಿ ಡಬ್ಬಿ ಬ್ಯಾಡ. ರಕ್ತಕ್ಯಾನ್ಸರಿನ ಇಮ್ಯಾಟಿನಿಬ್ ಥರದ ಗುಳಿಗಿ ತಗೊಳ್ಳೋರು ಚಕ್ಕೋತ ಹಣ್ಣು ಬಿಡಬೇಕು. ದ್ರಾಕ್ಷಿ, ಮೋಸಂಬಿ, ಬಾಳೆಹಣ್ಣು ತಿನ್ನಬಹುದು.

ಕುಂದಗೋಳ_ತಮ್ಮ
ನಮ್ಮ ಮನ್ಯಾಗ ಒಬ್ಬರಿಗೆ ಬಾಯಿ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಗುಳಿಗಿ ಕೊಟ್ಟಾರ, ವಾರಕ್ಕೊಮ್ಮೆ 9 ಗುಳಿಗಿ ಅಂತ. ಜೊತಿಗೆ ಸೆಲೆಕಾಕ್ಸಿಬ್ 200 ದಿನಕ್ಕೆರಡು. ಒಮ್ಮೆಲೆ ಒಂಬತ್ತು ನುಂಗೋದು ಸರೀನೇನ್ರಿ? ದಿನಕ್ಕೊಂದು ಹಂಚಿದ್ರ ಮೈಗೆ ಹಗೂರ ಅಲ್ಲೇನು?

ಫಾರ್ಮಸಿಸ್ಟ್_ವಿದ್ಯಾನಗರ
ತಮ್ಮಾ, ದಯವಿಟ್ಟು ಹಂಚಬೇಡ. ಈ ಚರ್ಚೆಯಲ್ಲಿ ಜೀವಕ್ಕೇ ಬರುವ ತಪ್ಪು ಅಂದರೆ ಇದೇ. ಬಾಯಿ ಕ್ಯಾನ್ಸರಿಗೆ ಕೊಡುವ ಈ ಗುಳಿಗೆ ಕಿಮೋ ಮುಂಬೈಯ ಟಾಟಾ ಆಸ್ಪತ್ರೆಯ ಅಧ್ಯಯನದಿಂದ ಬಳಕೆಗೆ ಬಂದದ್ದು: ಮೆಥೊಟ್ರೆಕ್ಸೇಟ್ ಚದರ ಮೀಟರಿಗೆ 15 ಮಿಗ್ರಾಂ, ವಾರಕ್ಕೆ ಒಂದೇ ಸಲ. 1.5 ಚದರ ಮೀಟರ್ ಮೈಗೆ 22.5 ಮಿಗ್ರಾಂ, 2.5ರ ಗುಳಿಗೆ ಒಂಬತ್ತು. ನಿನ್ನ ಚೀಟಿ ಸರಿಯಾಗಿದೆ. ವಾರಕ್ಕೊಮ್ಮೆ ಕೊಟ್ಟರೆ ನಡುವಿನ ದಿನಗಳಲ್ಲಿ ಮಜ್ಜೆ ಚೇತರಿಸಿಕೊಳ್ಳುತ್ತದೆ. ದಿನಾ ಕೊಟ್ಟರೆ, ಒಂದೊಂದೇ ಆದರೂ, ಚೇತರಿಕೆಗೆ ಎಡೆಯೇ ಇಲ್ಲ: ಬಾಯಿ ಪೂರ್ತಿ ಹುಣ್ಣು, ಬಿಳಿ ರಕ್ತಕಣ ಕುಸಿತ, ಸಾವು. ಸಂಧಿವಾತಕ್ಕೆ ತಗೊಳ್ಳುವವರಲ್ಲೂ ಇದೇ ಅನಾಹುತ ಆಗುತ್ತದೆ.

ವಾರದ ಒಂದು ದಿನ ಗೊತ್ತು ಮಾಡಿ, ಗುರುವಾರ ಅಂತಿಟ್ಟುಕೊಳ್ಳಿ, ಚೀಟಿ ಮೇಲೆ ಕನ್ನಡದಲ್ಲಿ "ಗುರುವಾರ ಮಾತ್ರ" ಅಂತ ಬರೆಸಿ. 2.5ರ ಗುಳಿಗೆಯೂ 10ರ ಗುಳಿಗೆಯೂ ಅಂಗಡಿಯಲ್ಲಿ ಸಿಗುತ್ತವೆ. 10ರ ಪಾಕೀಟು ಕೈಗೆ ಬಂದು ಒಂಬತ್ತು ನುಂಗಿದರೆ ನಾಲ್ಕು ಪಟ್ಟು. ಪಾಕೀಟಿನ ಹಿಂದಿನ ಮಿಗ್ರಾಂ ಪ್ರತಿ ಸಲ ಓದಬೇಕು. ಸೆಲೆಕಾಕ್ಸಿಬ್ ತಾನೇ ನೋವಿನ ಗುಳಿಗೆ, ಅದರ ಮೇಲೆ ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್ ತಗೋಬಾರದು, ಕಿಡ್ನಿಗೂ ಹೊಟ್ಟೆಗೂ ಹೊರೆ. ಉರಿಮೂತ್ರಕ್ಕೆ ಯಾರಾದರೂ ಕೋಟ್ರೈಮಾಕ್ಸಜೋಲ್ (ಒಂದು ಆ್ಯಂಟಿಬಯೋಟಿಕ್) ಬರೆದರೆ ಮೆಥೊಟ್ರೆಕ್ಸೇಟ್ ನಡೆದಿದೆ ಅಂತ ಅಲ್ಲೇ ಹೇಳಿ, ಎರಡೂ ಕೂಡಿ ಮಜ್ಜೆ ಒಣಗಿಸುತ್ತವೆ. ತಪ್ಪಿ ಎರಡು ದಿನ ನುಂಗಿಬಿಟ್ಟರೂ ಲಕ್ಷಣಕ್ಕೆ ಕಾಯದೆ ಪಾಕೀಟು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಫೋಲಿನಿಕ್ ಆ್ಯಸಿಡ್ ಅಂತ ಪ್ರತಿಮದ್ದು ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಕುಂದಗೋಳ_ತಮ್ಮ
ತಿಳೀತ್ರಿ ಸರ್. ಅವರಿಗೆ ಬಾಯಿ ಪೂರ್ತಿ ತಗಿಯಾಕ ಬರಂಗಿಲ್ಲ. ಮುಂದ ಮೂಗಿನ ನಳಿಗಿ ಹಾಕಿದ್ರ ಪುಡಿ ಮಾಡಿ ಬಿಡಬೇಕಾಗತೈತಲ್ಲ?

ಡೇಕೇರ್_ಸಿಸ್ಟರ್
ಮನ್ಯಾಗ ಕುಟ್ಟಿ ಪುಡಿ ಮಾಡೋದು ಯಾವ ಕಿಮೋ ಗುಳಿಗಿಗೂ ಬ್ಯಾಡ. ನಳಿಗಿ ಹಾಕೋ ದಿನಾನ ಡಾಕ್ಟರಿಗೆ ಕೇಳ್ರಿ, ಔಷಧ ಬದಲಾಗಬಹುದು. ಇಮ್ಯಾಟಿನಿಬ್ ಒಂದಕ್ಕ ಕಂಪನಿಯೇ ದಾರಿ ಹೇಳತದ: 100ರ ಗುಳಿಗಿಗೆ 50 ಮಿ.ಲೀ. ನೀರು, 400ಕ್ಕ 200 ಮಿ.ಲೀ., ಚಮಚಾದಿಂದ ಕಲಸಿ ಕರಗಿದ ಕೂಡಲೇ ಕೊಡೋದು. ಮಿದುಳಿನ ಗಡ್ಡಿಗೆ ಕೊಡೋ ಟೆಮೊಜೊಲೊಮೈಡ್ ಕ್ಯಾಪ್ಸೂಲ್ ಬಿಚ್ಚಲೇಬಾರದು. ಅದರ ಪದ್ಧತಿನೂ ಉಲ್ಟಾ: ಖಾಲಿ ಹೊಟ್ಟಿ, ಮಲಗೋ ಹೊತ್ತು, ಅರ್ಧ ತಾಸು ಮುಂಚೆ ವಾಂತಿ ಗುಳಿಗಿ. ಪ್ರೊಸ್ಟೇಟಿನ ಅಬಿರಾಟೆರೋನ್ ಊಟದ ಜೊತಿ ತಗೊಂಡ್ರ ರಕ್ತದಾಗ ಹತ್ತು ಪಟ್ಟಿನವರಿಗೂ ಏರಬಹುದು, ಅದಕ್ಕ ಊಟಕ್ಕಿಂತ ಒಂದು ತಾಸು ಮುಂಚೆ, ಇಲ್ಲಾ ಉಂಡು ಎರಡು ತಾಸು ಆದ ಮ್ಯಾಲೆ. ಒಬ್ಬರ ನಿಯಮ ಇನ್ನೊಬ್ಬರಿಗೆ ಹಚ್ಚಬ್ಯಾಡ್ರಿ.

ಬೆಟಗೇರಿ_ಸೊಸಿ
ಒಂದು ಹೊತ್ತು ಮರತ್ರ? ನುಂಗಿದ ಕೂಡಲೇ ವಾಂತಿ ಆದ್ರ? ಯಾವುದಕ್ಕ ಮುಂಜಾನಿತನಕ ಕಾಯಬಹುದು, ಯಾವುದಕ್ಕ ರಾತ್ರಿನ ಓಡಬೇಕು?

ಡೇಕೇರ್_ಸಿಸ್ಟರ್
ಮರತದ್ದು ಮರತಂಗ ಬಿಡ್ರಿ. ಮುಂದಿನ ಹೊತ್ತಿಗೆ ಮೂರೇ, ಆರಲ್ಲ. ವಾಂತಿ ಆದ್ರೂ ಮತ್ತ ಕೊಡಬ್ಯಾಡ್ರಿ, ಎಷ್ಟು ಒಳಗ ಇಳದದ ಗೊತ್ತಾಗಂಗಿಲ್ಲ. ವಾಂತ್ಯಾಗ ಇಡೀ ಗುಳಿಗಿ ಕಂಡ್ರೂ ಫೋನ್ ಮಾಡಿ ಕೇಳ್ರಿ.

ಕಾಯಬಾರದ್ದು ಜ್ವರ. ಥರ್ಮಾಮೀಟರ್ 100.4 ಫ್ಯಾರನ್‌ಹೀಟ್ ತೋರಿಸ್ತು ಅಂದ್ರ ಆಗಲೇ ಹೊರಡಬೇಕು. ಜ್ವರ ಎಷ್ಟೈತಿ ಅಂತ ನೋಡೋಕಿಂತ ಮುಂಚೆ ಪ್ಯಾರಾಸಿಟಮಾಲ್ ಕೊಟ್ರ ಜ್ವರ ಅಡಗಿ ಸೋಂಕು ಒಳಗ ಬೆಳೀತದ. ಹುಬ್ಬಳ್ಳಿತನಕ ಬರಾಕ ತಡ ಆಗತದ ಅಂದ್ರ ಗದಗದವರು ಅಲ್ಲಿನ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರಿ ಜಿಮ್ಸ್‌ಗೆ, ಹಾವೇರಿಯವರು ಜಿಲ್ಲಾ ಆಸ್ಪತ್ರಿಗೆ ಮೊದಲು ಹೋಗ್ರಿ. "ಕಿಮೋ ನಡದೈತಿ, ಜ್ವರ ಬಂದೈತಿ" ಅಂತ ಬಾಗಲದಾಗನ ಹೇಳ್ರಿ, ಚೀಟಿ ತೋರಿಸ್ರಿ. ರಕ್ತ ತಗೊಂಡು ಆ್ಯಂಟಿಬಯೋಟಿಕ್ ಚಾಲೂ ಆಗೋದು ತಾಸಿನ ಲೆಕ್ಕದಾಗ ಮುಖ್ಯ. 108 ಐತಿ.

ಎದಿ ನೋವು, ಎದಿ ಬಿಗಿತ: ಈ ಕ್ಯಾಪೆಸಿಟಬಿನ್ ಗುಳಿಗಿ ಹೃದಯದ ರಕ್ತನಾಳ ಹಿಂಡಬಹುದು. ಮುಂದಿನ ಗುಳಿಗಿ ನಿಲ್ಲಿಸಿ ಓಡ್ರಿ, ಗ್ಯಾಸ್ ಅಂತ ಸೋಡಾ ಕುಡಿಸಬ್ಯಾಡ್ರಿ.

ಭೇದಿ: ದಿನದ ರೂಢಿಗಿಂತ ನಾಲ್ಕು ಸಲ ಜಾಸ್ತಿ ಆತು, ಇಲ್ಲಾ ರಾತ್ರಿ ಎಬ್ಬಿಸಾಕ ಹತ್ತಿತು ಅಂದ್ರ ಗುಳಿಗಿ ನಿಲ್ಲಿಸಿ ಫೋನ್ ಮಾಡ್ರಿ. ಒಆರ್‌ಎಸ್ ಚಾಲೂ ಇರಲಿ, ಭೇದಿ ನಿಲ್ಲಸೋ ಲೋಪೆರಮೈಡ್ ಗುಳಿಗಿ ಡಾಕ್ಟರ್ ಬರದಂಗ. ಏಳರ ಮ್ಯಾಲೆ ಹೋತು, ರಕ್ತ ಕಂಡ್ತು, ನೀರು ಕುಡದ್ರೂ ಮೂತ್ರ ಬರವಲ್ದು ಅಂದ್ರ ದಾಖಲಾಗಬೇಕು. ಮೊದಲ ಸುತ್ತಿನ ಮೊದಲ ಎಂಟ್ಹತ್ತು ದಿನದಾಗನ ಬಾಯಿ ಪೂರ್ತಿ ಹುಣ್ಣು, ಜೋರು ಭೇದಿ ಕೂಡಿ ಬಂದ್ರ ಇನ್ನೂ ಅವಸರ. ಕೆಲವರ ಮೈಯಾಗ ಈ ಔಷಧ ಕರಗಿಸೋ ಡಿಪಿಡಿ ಅನ್ನೋ ಕಿಣ್ವ ಹುಟ್ಟಿನಿಂದನ ಕಡಿಮಿ ಇರತದ, ಅಂಥವರಿಗೆ ಸಾದಾ ಪ್ರಮಾಣನ ವಿಷ ಆಗತದ.

ಬೆಟಗೇರಿ_ಸೊಸಿ
ಹಂಗಾರ ನಿಲ್ಲಿಸಿದ ದಿನದ ಗುಳಿಗಿ ಉಳೀತಾವಲ್ರಿ, ಅವನ್ನ ಬಿಡುವಿನ ವಾರದಾಗ ಕೊಟ್ಟು 84 ಪೂರ್ತಿ ಮಾಡಬೇಕಾ?

ಫಾರ್ಮಸಿಸ್ಟ್_ವಿದ್ಯಾನಗರ
ಇಲ್ಲಮ್ಮಾ. ತೊಂದರೆಯಿಂದ ನಿಲ್ಲಿಸಿದ ಹೊತ್ತುಗಳನ್ನು ಮುಂದೆ ತುಂಬಿಸಿಕೊಳ್ಳುವುದಿಲ್ಲ, ಸುತ್ತು ಅದರ ತಾರೀಖಿಗೇ ಮುಗಿಯುತ್ತದೆ. ಉಳಿದ ಗುಳಿಗೆಗಳನ್ನು ಪಾಕೀಟಿನ ಸಮೇತ ಒಯ್ದು ಎಣಿಸಿ ತೋರಿಸಿ. ಎಷ್ಟು ಒಳಗೆ ಹೋಗಿದೆ ಅನ್ನುವುದು ಡಾಕ್ಟರಿಗೆ ಅದರಿಂದಲೇ ಗೊತ್ತಾಗುವುದು. ಮುಂದಿನ ಸುತ್ತು ಶುರು ಆಗಬೇಕಾದರೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 1500, ಪ್ಲೇಟ್‌ಲೆಟ್ 1 ಲಕ್ಷದ ಮೇಲಿರಬೇಕು. ಹೋಗುವ ಮುನ್ನಾದಿನ ಗದಗದಲ್ಲೇ ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋದರೆ ಹುಬ್ಬಳ್ಳಿಯಿಂದ ಬರಿಗೈಲಿ ವಾಪಸ್ ಬರುವುದು ತಪ್ಪುತ್ತದೆ.

ಪ್ರಮಾಣ ಮುಕ್ಕಾಲಿಗೆ ಇಳಿಸಿದರೆ 1500 ಹೋಗಿ 1125 ಆಗುತ್ತದೆ, ಅದನ್ನು 1150 ಮಾಡಿ 500ರ ಎರಡು, 150ರ ಒಂದು ಅಂತ ಬರೆಯಬಹುದು. ಆಗ ಮನೆಯಲ್ಲಿ ಎರಡು ಅಳತೆಯ ಗುಳಿಗೆ ಕೂಡುತ್ತವೆ, ಬಣ್ಣವೂ ಹೆಚ್ಚುಕಡಿಮೆ ಒಂದೇ ಇರಬಹುದು. ಎರಡು ಬೇರೆ ಡಬ್ಬಿ ಮಾಡಿ, ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ "500, ಎರಡು" "150, ಒಂದು" ಅಂತ ಬರೆದು ಅಂಟಿಸಿ. ಹಳೆಯ 3-0-3 ಚೀಟಿಯ ಮೇಲೆ ಅಡ್ಡ ಗೀಟು ಎಳೆದು ಫೈಲಿನ ಹಿಂದಕ್ಕೆ ಹಾಕಿಬಿಡಿ.